ಸ್ಟೀವ್ ಕ್ರಾಪರನೂ ಆತನ ಗಿಟಾರಿನ ನಾದವೂ

ಸಂಗೀತದ ಚರಿತ್ರೆಯಲ್ಲಿ ಹಾಡಿದವರ ಹೆಸರು ಉಳಿಯುವಂತೆ ಪಕ್ಕದಲ್ಲಿ ಕುಳಿತು ನುಡಿಸಿದವರ ಹೆಸರು ಉಳಿಯುವುದಿಲ್ಲ. ಇದು ಯಾವುದೊಂದು ದೇಶಕ್ಕೆ ಮಾತ್ರ ಸೇರಿದ ಅನ್ಯಾಯವಲ್ಲ. ಕಚೇರಿ ಮುಗಿಸಿಕೊಂಡು ಮನೆಗೆ ಹೋದ ರಸಿಕನು ಭಾಗವತರ ಆಲಾಪನೆಯನ್ನು ನಾಲ್ಕು ದಿನ ಕೊಂಡಾಡುವನು. ಪಿಟೀಲಿನವರು ಯಾರೆಂದು ಕೇಳಿದರೆ ತಲೆ ತುರಿಸಿಕೊಳ್ಳುವನು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಧ್ವನಿಮುದ್ರಣವು ಒಂದು ದೊಡ್ಡ ಉದ್ಯಮವಾಗಿ ಬೆಳೆದ ಮೇಲೆ ಈ ಮರೆವು ಇನ್ನಷ್ಟು ಪೂರ್ಣವಾಯಿತು. ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕನ ಹೆಸರನ್ನೂ ಕಂಪನಿಯ ಹೆಸರನ್ನೂ ಅಚ್ಚುಹಾಕುತ್ತಿದ್ದರೇ ಹೊರತು, ಆ ಗಾಯಕನ ಹಿಂದೆ ಕುಳಿತು ಕೂಲಿಗೆ ನುಡಿಸುತ್ತಿದ್ದ ‘ಸೆಷನ್’ ವಾದಕರ ಹೆಸರು ಸಾಮಾನ್ಯವಾಗಿ ಅಲ್ಲಿ ಕಾಣುತ್ತಿರಲಿಲ್ಲ. ಹೀಗಿದ್ದರೂ ಕೆಲವರ ಕೈಯ ಗುರುತು ತಟ್ಟೆಯ ಮೇಲಣ ಅಚ್ಚಿಗಿಂತ ಸ್ಥಿರವಾಗಿ ಅದರ ಒಳಗೆ ಉಳಿದುಕೊಂಡಿತು. ಅಂಥವರಲ್ಲಿ ಟೆನೆಸಿ ಪ್ರಾಂತದ ಮೆಂಫಿಸ್ ನಗರದ ಗಿಟಾರ್ ವಾದಕನಾದ ಸ್ಟೀವ್ ಕ್ರಾಪರನು ಅಗ್ರಗಣ್ಯನು.

ಆತನು ಯಾವ ಸಂಗೀತಕ್ಕೆ ಸೇವೆಮಾಡಿದನೋ ಅದನ್ನು ‘ಸೋಲ್’ ಎಂದು ಕರೆಯುವರು. ಸೋಲ್ ಎಂದರೆ ಆತ್ಮ. ಕರಿಯ ಜನಾಂಗದವರು ತಮ್ಮ ಇಗರ್ಜಿಗಳಲ್ಲಿ ಹಾಡುತ್ತಿದ್ದ ಭಕ್ತಿಗೀತಗಳ ಆವೇಶವೂ, ದಕ್ಷಿಣದ ಹತ್ತಿಯ ಸೀಮೆಯಲ್ಲಿ ಹುಟ್ಟಿದ ‘ಬ್ಲೂಸ್’ ಎಂಬ ಅಳಲಿನ ಹಾಡುಗಳ ಧಾಟಿಯೂ ಒಂದಾಗಿ, ೧೯೫೦ರಿಂದೀಚೆಗೆ ರೂಪುಗೊಂಡ ಲೌಕಿಕ ಸಂಗೀತಕ್ಕೆ ಈ ಹೆಸರು ಬಂದಿತು. ದೇವರನ್ನು ಕುರಿತು ಕೂಗಿದ ಕಂಠವೇ ಈಗ ಪ್ರಿಯತಮೆಯನ್ನು ಕುರಿತು ಕೂಗಿತೆಂದರೆ ತಪ್ಪಾಗದು. ಒಟಿಸ್ ರೆಡ್ಡಿಂಗ್, ವಿಲ್ಸನ್ ಪಿಕೆಟ್, ಎಡ್ಡಿ ಫ್ಲಾಯ್ಡ್, ಸ್ಯಾಮ್ ಮತ್ತು ಡೇವ್ ಎಂಬ ಜೋಡಿ, ಇವರೆಲ್ಲರ ಕಂಠವೂ ತುಂಬು ಹೊಳೆಯಂಥದು. ಆ ಹೊಳೆಯ ದಡದಲ್ಲಿ ಒಂದು ಗಿಟಾರು ಕೇಳಿಸುವುದು. ಅದರ ನಾದ ತೆಳುವಾದುದು, ಮೊನಚಾದುದು, ಒಣಗಿದುದು. ಎಲ್ಲಿಯೂ ಮೇಲೆಬಿದ್ದು ಮಾತನಾಡದು. ಆದರೂ ಅದನ್ನು ತೆಗೆದರೆ ಹಾಡು ನಿಲ್ಲಲಾರದು. ಈ ನಾದವು ಮರದಿಂದ ಬಂದಿತೋ, ತಂತಿಯಿಂದಲೋ, ಯಂತ್ರದಿಂದಲೋ, ಕೈಯಿಂದಲೋ ಎಂಬುದನ್ನು ಕುರಿತು ಆ ವಾದ್ಯದ ಪ್ರಿಯರು ಅರ್ಧ ಶತಮಾನಕ್ಕೂ ಮೀರಿ ಚರ್ಚಿಸಿದ್ದಾರೆ. ಆ ಕಾಲದ ಗಿಟಾರುಗಳಿಗಾಗಿ ಅಪಾರ ಹಣವನ್ನೂ ತೆತ್ತಿದ್ದಾರೆ. ಆದುದರಿಂದ ಅದರ ಹುಟ್ಟನ್ನು ಕ್ರಮವಾಗಿ ವಿಚಾರಿಸುವುದು ಯುಕ್ತವಾಗಿದೆ.

ಕ್ರಾಪರನು ೧೯೪೧ನೆಯ ಇಸವಿ ಅಕ್ಟೋಬರ್ ೨೧ರಂದು ಮಿಸ್ಸೂರಿ ಪ್ರಾಂತದ ಹಳ್ಳಿಗಾಡಿನಲ್ಲಿ, ಬಿಳಿಯರ ಮನೆಯೊಂದರಲ್ಲಿ ಹುಟ್ಟಿದನು. ಒಂಬತ್ತು ವರ್ಷದವನಿದ್ದಾಗ ಮನೆಯವರು ಮೆಂಫಿಸಿಗೆ ಬಂದು ನೆಲಸಿದರು. ಆ ನಗರದ ರೇಡಿಯೋದಲ್ಲಿ ಆತನು ಕರಿಯರ ಭಕ್ತಿಸಂಗೀತವನ್ನು ಮೊದಲು ಕೇಳಿದನು. ಬೀದಿಗಳನ್ನೂ ಶಾಲೆಗಳನ್ನೂ ಬಣ್ಣದ ಗೋಡೆಯಿಂದ ಬೇರ್ಪಡಿಸಿದ್ದ ಕಾಯಿದೆಗೆ ಆಕಾಶದಲ್ಲಿ ಹರಿದುಬರುವ ಧ್ವನಿಯನ್ನು ಬೇರ್ಪಡಿಸುವ ಶಕ್ತಿ ಇರಲಿಲ್ಲವಷ್ಟೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಅಂಚೆಯ ಮೂಲಕ ಒಂದು ಗಿಟಾರನ್ನು ತರಿಸಿಕೊಂಡನು. ಆತನು ಗುರುವೆಂದು ಮನಸ್ಸಿನಲ್ಲಿಟ್ಟುಕೊಂಡವರಲ್ಲಿ ಮುಖ್ಯನಾದವನು ‘ಫೈವ್ ರಾಯಲ್ಸ್’ ಎಂಬ ಕರಿಯ ಗಾಯಕರ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ ಲೋಮನ್ ಪಾಲಿಂಗ್. ಪಾಲಿಂಗನು ಕೊರಳಪಟ್ಟಿಯನ್ನು ಬಹಳ ಉದ್ದವಾಗಿ ಬಿಟ್ಟು, ವಾದ್ಯವನ್ನು ಮೊಣಕಾಲಿನ ಬಳಿ ಇಳಿಯಬಿಟ್ಟುಕೊಂಡು, ಗಾಯಕನ ಒಂದು ಸಾಲು ಮುಗಿದು ಇನ್ನೊಂದು ಸಾಲು ಮೊದಲಾಗುವುದರೊಳಗೆ ನಾಲ್ಕೈದು ಸ್ವರಗಳಲ್ಲಿ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದನು. ತರುಣ ಕ್ರಾಪರನು ಅದನ್ನು ಕಂಡುಬಂದು ತನ್ನ ಪಟ್ಟಿಯನ್ನೂ ಉದ್ದಮಾಡಿಕೊಂಡನಂತೆ. ಪಟ್ಟಿಯ ಉದ್ದದಿಂದ ವಿದ್ಯೆ ಬಾರದು. ಆದರೆ ಉತ್ತರ ಕೊಟ್ಟು ಸುಮ್ಮನಾಗುವ ಪಾಠವು ಆತನಿಗೆ ಅಲ್ಲಿಂದಲೇ ಬಂದಿತು.

ಆ ಕಾಲಕ್ಕೆ ಸರಿಯಾಗಿ ಜಿಮ್ ಸ್ಟೂವರ್ಟ್ ಎಂಬ ಬ್ಯಾಂಕಿನ ನೌಕರನು ೧೯೫೭ರಲ್ಲಿ ‘ಸ್ಯಾಟಲೈಟ್’ ಎಂಬ ಸಣ್ಣ ಧ್ವನಿಮುದ್ರಣ ಸಂಸ್ಥೆಯನ್ನು ತೆರೆದಿದ್ದನು. ಆತನ ಅಕ್ಕ ಎಸ್ಟೆಲ್ ಆಕ್ಸ್‌ಟನ್ ತನ್ನ ಮನೆಯನ್ನು ಅಡವಿಟ್ಟು ಆಂಪೆಕ್ಸ್ ಯಂತ್ರವನ್ನು ಕೊಳ್ಳಲು ಹಣ ಒದಗಿಸಿದಳು. ೧೯೬೦ರಲ್ಲಿ ಅವರು ಈಸ್ಟ್ ಮೆಕ್‌ಲೆಮೋರ್ ಅವೆನ್ಯೂ ಎಂಬ ಬೀದಿಯಲ್ಲಿ ಮುಚ್ಚಿಹೋಗಿದ್ದ ‘ಕ್ಯಾಪಿಟಲ್’ ಸಿನೆಮಾ ಮಂದಿರವನ್ನು ಬಾಡಿಗೆಗೆ ಹಿಡಿದರು. ಮರುವರ್ಷ ಅಕ್ಕ ತಮ್ಮಂದಿರ ಮನೆಹೆಸರುಗಳ ಮೊದಲಿನ ಎರಡೆರಡು ಅಕ್ಷರಗಳನ್ನು ಜೋಡಿಸಿ ‘ಸ್ಟ್ಯಾಕ್ಸ್’ ಎಂಬ ಹೆಸರು ಹುಟ್ಟಿತು. ಮಂದಿರದ ಮುಂಭಾಗದಲ್ಲಿ ಎಸ್ಟೆಲ್ ಒಂದು ರೆಕಾರ್ಡಿನ ಅಂಗಡಿಯನ್ನು ಇಟ್ಟಳು. ಸುತ್ತಣ ಕರಿಯ ಹುಡುಗರೂ ಹುಡುಗಿಯರೂ ಅಲ್ಲಿ ಬಂದು ಹೊಸ ತಟ್ಟೆಗಳನ್ನು ಕೇಳುತ್ತಿದ್ದರು. ಕ್ರಾಪರನು ಆ ಅಂಗಡಿಯಲ್ಲಿ ಗುಮಾಸ್ತನಾಗಿದ್ದನು. ಯಾವ ಹಾಡು ಯಾವ ಕ್ಷಣದಲ್ಲಿ ಕೇಳುವವರ ಕಾಲನ್ನು ಕುಣಿಸುವುದೆಂಬುದನ್ನು ಗಲ್ಲೆಯ ಹಿಂದೆ ನಿಂತು ನೋಡಿ ಕಲಿತ ವಾದಕರು ಬಹಳ ಮಂದಿ ಇರಲಾರರು.

ಈ ಮಂದಿರದ ಒಳಭಾಗವನ್ನು ಸ್ವಲ್ಪ ವಿವರಿಸಬೇಕಾಗಿದೆ, ಏಕೆಂದರೆ ನಾದದ ಅರ್ಧ ಪಾಲು ಅಲ್ಲಿಯೇ ಹುಟ್ಟಿತು. ಆಸನಗಳನ್ನು ಕಿತ್ತುಹಾಕಿದ್ದರೂ ಪ್ರೇಕ್ಷಕರಿಗಾಗಿ ಮಾಡಿದ್ದ ಇಳಿಜಾರಿನ ನೆಲವನ್ನು ಸಮಮಾಡುವುದಕ್ಕೆ ಹಣವಿರಲಿಲ್ಲ. ಹಿಂದೆ ಪರದೆ ಇದ್ದ ವೇದಿಕೆಯ ಮೇಲೆ ಯಂತ್ರಗಳ ಕೋಣೆಯನ್ನು ಕಟ್ಟಿದರು. ಮಾರ್ದನಿಯನ್ನು ತಗ್ಗಿಸಲು ದಪ್ಪನಾದ ಪರದೆಗಳನ್ನು ಹೊಲಿದು ತೂಗುಹಾಕಿದರು. ಎದುರುಬದುರಾಗಿ ಸಮಾನಾಂತರದ ನೆಲ ಮಾಳಿಗೆಗಳಿಲ್ಲದ ಈ ವಿಶಾಲವಾದ ಸ್ಥಳದಲ್ಲಿ ಮೃದಂಗದಂಥ ಚರ್ಮವಾದ್ಯಕ್ಕೂ ಮಂದ್ರದ ತಂತಿಗೂ ಒಂದು ಆಳವು ತಾನಾಗಿ ದೊರೆಯುತ್ತಿದ್ದಿತು. ಮೊದಲ ವರ್ಷಗಳಲ್ಲಿ ಯಂತ್ರವು ಒಂದೇ ಪಥದ್ದು. ಎಂದರೆ, ಗಾಯಕನೂ ಕೊಂಬಿನವರೂ ಡ್ರಮ್ಮಿನವನೂ ಗಿಟಾರಿನವನೂ ಏಕಕಾಲದಲ್ಲಿ ನುಡಿಸಿ ಏಕಕಾಲದಲ್ಲಿ ಮುದ್ರಿತರಾಗಬೇಕು. ಒಬ್ಬನು ತಪ್ಪಿದರೆ ಎಲ್ಲರೂ ಮೊದಲಿಂದ ನುಡಿಸಬೇಕು. ಒಬ್ಬನು ಗಟ್ಟಿಯಾಗಿ ನುಡಿಸಿದರೆ ಬಳಿಕ ತಗ್ಗಿಸುವ ಉಪಾಯವಿಲ್ಲ. ಪ್ರಮಾಣವನ್ನು ಕಾಯುವ ಹೊಣೆಯು ಯಂತ್ರದ ಮೇಲಲ್ಲ, ನುಡಿಸುವವನ ಕಿವಿಯ ಮೇಲೆ ಬಿದ್ದಿತ್ತು.

ಇನ್ನು ವಾದ್ಯದ ವಿಷಯ. ಕ್ಯಾಲಿಫೋರ್ನಿಯಾದ ಫುಲರ್‌ಟನ್ ಊರಿನಲ್ಲಿ ರೇಡಿಯೋಗಳನ್ನು ದುರಸ್ತುಮಾಡುತ್ತಿದ್ದ ಲಿಯೋ ಫೆಂಡರ್ ಎಂಬಾತನು ೧೯೫೦ರಲ್ಲಿ ಹೊಸ ಬಗೆಯ ವಿದ್ಯುತ್ ಗಿಟಾರುಗಳನ್ನು ಮಾರಾಟಕ್ಕೆ ತಂದನು. ಆತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲವೆಂಬುದು ವಿಚಿತ್ರವಾದರೂ ನಿಜ. ಈ ವಾದ್ಯಕ್ಕೆ ವೀಣೆಯ ಕೊಡದಂಥ ಅಥವಾ ತಂಬೂರಿಯ ಬುರುಡೆಯಂಥ ಟೊಳ್ಳುಭಾಗವಿಲ್ಲ. ಇದರ ಒಡಲು ಗಟ್ಟಿಮರದ ಒಂದು ಹಲಗೆ, ಅದಕ್ಕೆ ನಾಲ್ಕು ತಿರುಪುಗಳಿಂದ ಬಿಗಿದ ಮೇಪಲ್ ಮರದ ಒಂದು ಕೊರಳು. ತಂತಿಯ ಕೆಳಗೆ ಅಯಸ್ಕಾಂತದ ಕಂಬಿಗಳ ಸುತ್ತಲೂ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುವರು. ಉಕ್ಕಿನ ತಂತಿಯು ಅದರ ಮೇಲೆ ಕಂಪಿಸಿದಾಗ ತಾಮ್ರದಲ್ಲಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುವುದು. ಅದನ್ನು ವರ್ಧಕ ಯಂತ್ರವು ಹೆಚ್ಚಿಸಿ ಧ್ವನಿಯಾಗಿ ಹೊರಗೆ ಬಿಡುವುದು. ಈ ಸುರುಳಿಯು ಕುದುರೆಗೆ ಸಮೀಪವಾಗಿದ್ದಷ್ಟೂ ನಾದವು ಹರಿತವಾಗುವುದು, ಕುದುರೆಯ ಬಳಿ ಮೀಟಿದ ತಂತಿ ಹೇಗೋ ಹಾಗೆ. ಒಂದೇ ಸುರುಳಿಯುಳ್ಳ ಅಗ್ಗದ ಮಾದರಿಗೆ ‘ಎಸ್ಕ್ವೈರ್’ ಎಂದೂ, ಎರಡುಳ್ಳದಕ್ಕೆ ಕೆಲವು ಕಾಲದ ಮೇಲೆ ‘ಟೆಲಿಕಾಸ್ಟರ್’ ಎಂದೂ ಹೆಸರಾಯಿತು. ಕ್ರಾಪರನು ಮೊದಲು ನುಡಿಸಿದುದು ೧೯೫೬ರ ಎಸ್ಕ್ವೈರ್; ಮುಂದೆ ಬಹುಕಾಲ ನುಡಿಸಿದುದು ೧೯೬೩ರ ಟೆಲಿಕಾಸ್ಟರ್. ಆತನ ವರ್ಧಕವು ಅದೇ ಕಂಪನಿಯ ‘ಹಾರ್ವರ್ಡ್’ ಎಂಬ, ಹತ್ತು ಅಂಗುಲದ ಒಂದೇ ಧ್ವನಿವರ್ಧಕವುಳ್ಳ, ಸುಮಾರು ಹತ್ತು ವಾಟಿನ ವಾಲ್ವು ಪೆಟ್ಟಿಗೆ. ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ವಸ್ತು. ವಿದ್ಯಾರ್ಥಿಗಳೂ ಹವ್ಯಾಸಿಗಳೂ ಕೊಳ್ಳತಕ್ಕ ಸಾಮಗ್ರಿಗಳಿವು. ಇವುಗಳಲ್ಲಿ ದುರ್ಲಭವಾದುದಾಗಲಿ ಗುಪ್ತವಾದುದಾಗಲಿ ಏನೂ ಇರಲಿಲ್ಲ.

೧೯೬೨ರ ಬೇಸಗೆಯ ಒಂದು ಭಾನುವಾರ ಗಾಯಕನೊಬ್ಬನ ಮುದ್ರಣಕ್ಕೆಂದು ಬಂದಿದ್ದ ನಾಲ್ವರು ವಾದಕರು ಆ ಕೆಲಸ ಸಾಗದೆ ಹೋದುದರಿಂದ ಹೊತ್ತು ಕಳೆಯಲು ತಮ್ಮಷ್ಟಕ್ಕೆ ತಾವು ನುಡಿಸತೊಡಗಿದರು. ಹ್ಯಾಮಂಡ್ ಆರ್ಗನ್ನಿನ ಮುಂದೆ ಇದ್ದವನು ಹದಿನೇಳು ವರ್ಷದ ಬುಕರ್ ಟಿ. ಜೋನ್ಸ್, ಡ್ರಮ್ಮಿನಲ್ಲಿ ಆಲ್ ಜಾಕ್ಸನ್, ಮಂದ್ರದ ಗಿಟಾರಿನಲ್ಲಿ ಲೂಯಿ ಸ್ಟೈನ್‌ಬರ್ಗ್, ನಾಲ್ಕನೆಯವನು ಕ್ರಾಪರ್. ಸ್ಟೂವರ್ಟನು ಯಂತ್ರವನ್ನು ಓಡಿಸಿದನು. ತಟ್ಟೆಯ ಮತ್ತೊಂದು ಮಗ್ಗುಲನ್ನು ತುಂಬಲು ಏನಾದರೊಂದು ಬೇಕಾಗಿ ಬುಕರನು ತನ್ನಲ್ಲಿದ್ದ ಒಂದು ವಾದ್ಯಪ್ರಬಂಧವನ್ನು ಎತ್ತಿದನು. ಹೀಗೆ ಹಿಂಬದಿಗೆಂದು ಹುಟ್ಟಿದ ‘ಗ್ರೀನ್ ಆನಿಯನ್ಸ್’, ಎಂದರೆ ‘ಹಸಿ ಈರುಳ್ಳಿ’, ಸ್ಥಳದ ರೇಡಿಯೋದಲ್ಲಿ ಒಮ್ಮೆ ಕೇಳಿಸಿದೊಡನೆ ಜನರನ್ನು ಹಿಡಿಯಿತು. ಆ ವರ್ಷವೇ ದೇಶದ ಜನಪ್ರಿಯ ತಟ್ಟೆಗಳ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೂ ಕರಿಯರ ಸಂಗೀತದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೂ ಏರಿತು. ತಂಡಕ್ಕೆ ‘ಬುಕರ್ ಟಿ. ಮತ್ತು ಎಂ.ಜಿ.ಗಳು’ ಎಂದು ಹೆಸರಾಯಿತು. ಆ ತಟ್ಟೆಯಲ್ಲಿ ಆರ್ಗನ್ನು ತಣ್ಣಗೆ ಸುತ್ತಿ ಸುತ್ತಿ ಬರುತ್ತಿರಲು, ಕ್ರಾಪರನ ಎಸ್ಕ್ವೈರು ಚಾಟಿಯಂತೆ ಒಂದೆರಡು ಏಟು ಹೊಡೆದು ಹಿಂದಕ್ಕೆ ಸರಿಯುವುದು. ಆತನ ಸರದಿ ಬಂದಾಗಲೂ ಸ್ವರಗಳಿಗಿಂತ ಸ್ವರಗಳ ನಡುವಣ ಬಿಡುವು ಹೆಚ್ಚು. ಸಣ್ಣ ಪೆಟ್ಟಿಗೆಯು ತನ್ನ ಶಕ್ತಿಯ ಅಂಚಿನಲ್ಲಿ ದುಡಿಯುತ್ತಿರುವುದರಿಂದ ನಾದಕ್ಕೆ ಸ್ವಲ್ಪ ಗರಗಸದ ಒರಟೂ ಬಂದಿದೆ. ೧೯೬೫ರ ಸುಮಾರಿಗೆ ಸ್ಟೈನ್‌ಬರ್ಗನ ಸ್ಥಳಕ್ಕೆ ಕ್ರಾಪರನ ಬಾಲ್ಯಸ್ನೇಹಿತನಾದ ಡೊನಾಲ್ಡ್ ಡನ್ ಬಂದನು. ಅಂದಿನಿಂದ ತಂಡದಲ್ಲಿ ಇಬ್ಬರು ಕರಿಯರು, ಇಬ್ಬರು ಬಿಳಿಯರು.

ಆತನ ಕೈಯ ರೀತಿಯಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು ತಾಳಕ್ಕೆ ಸಂಬಂಧಪಟ್ಟುದು. ೧೯೬೫ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಅಟ್ಲಾಂಟಿಕ್ ಕಂಪನಿಯ ಜೆರಿ ವೆಕ್ಸ್ಲರ್ ಎಂಬಾತನು ವಿಲ್ಸನ್ ಪಿಕೆಟ್ಟನನ್ನು ಕರೆದುಕೊಂಡು ಮೆಂಫಿಸಿಗೆ ಬಂದನು. ‘ಇನ್ ದಿ ಮಿಡ್‌ನೈಟ್ ಅವರ್’ ಎಂಬ ಹಾಡಿನ ಮುದ್ರಣ ನಡೆದಿರಲು, ವೆಕ್ಸ್ಲರನು ಯಂತ್ರದ ಕೋಣೆಯಿಂದ ಹೊರಗೆ ಬಂದು, ಆಗ ತರುಣರು ಕುಣಿಯುತ್ತಿದ್ದ ‘ಜರ್ಕ್’ ಎಂಬ ಕುಣಿತವನ್ನು ಎಲ್ಲರೆದುರಿಗೂ ಕುಣಿದು ತೋರಿಸಿ, ಎರಡನೆಯ ಏಟಿಗೆ ಒತ್ತು ಬೀಳಬೇಕೆಂದನು. ನಡುವಯಸ್ಸಿನ ಆ ವ್ಯಾಪಾರಿಯ ಕುಣಿತವು ನೋಡಲು ಹೇಗಿದ್ದಿತೋ, ಅದರ ಫಲ ಮಾತ್ರ ದೊಡ್ಡದಾಯಿತು. ನಾಲ್ಕು ಎಣಿಕೆಯ ಆವರ್ತದಲ್ಲಿ ಎರಡನೆಯ ಮತ್ತು ನಾಲ್ಕನೆಯ ಏಟುಗಳನ್ನು ಜಾಕ್ಸನ್ನನೂ ಕ್ರಾಪರನೂ ಕೂದಲೆಳೆಯಷ್ಟು ತಡಮಾಡಿ ಒಟ್ಟಿಗೆ ಹೊಡೆದರು. ಗಿಟಾರಿನ ಹರಿತವಾದ ಏಟು ಡ್ರಮ್ಮಿನ ಏಟಿನ ಮೇಲೆ ಸರಿಯಾಗಿ ಬಿದ್ದು, ಎರಡೂ ಸೇರಿ ಯಾವ ವಾದ್ಯದ್ದೆಂದು ಹೇಳಲಾಗದ ಮೂರನೆಯ ಧ್ವನಿಯೊಂದಾಯಿತು. ತಡಮಾಡುವುದು ಸುಲಭ, ಇಬ್ಬರು ಒಂದೇ ಪ್ರಮಾಣದಲ್ಲಿ ತಡಮಾಡುವುದು ಸುಲಭವಲ್ಲ. ಅದಕ್ಕಾಗಿ ಕ್ರಾಪರನು ಜಾಕ್ಸನ್ನನ ಕೈಯನ್ನು ಕಣ್ಣಿನಿಂದ ಹಿಂಬಾಲಿಸುತ್ತಿದ್ದನು. ಆ ಕಾಲದ ಆತನ ಗಿಟಾರಿನ ನಾದವೆಂದು ಜನರು ಯಾವುದನ್ನು ಮೆಚ್ಚುವರೋ ಅದರಲ್ಲಿ ಬಹುಭಾಗವು ಆಲ್ ಜಾಕ್ಸನ್ನನ ಎಡಗೈಗೆ ಸೇರಬೇಕಾದುದು.

ಎರಡನೆಯದು ಜೋಡಿಸ್ವರಗಳ ಬಳಕೆ. ಷಡ್ಜಕ್ಕೂ ಧೈವತಕ್ಕೂ ಇರುವಷ್ಟು ಅಂತರವುಳ್ಳ ಎರಡು ಸ್ವರಗಳನ್ನು, ನಡುವೆ ಒಂದು ತಂತಿಯನ್ನು ಮೂಕಮಾಡಿ ಬಿಟ್ಟು, ಒಟ್ಟಿಗೆ ಹಿಡಿದು ಜಾರಿಸುತ್ತ ನುಡಿಸುವ ಕ್ರಮವಿದು. ಪೂರ್ಣವಾದ ಸ್ವರಮೇಳವನ್ನು ನುಡಿಸಿದರೆ ಗಾಯಕನ ಕಂಠವು ಇರುವ ಸ್ಥಳವನ್ನೆಲ್ಲ ಅದು ಆಕ್ರಮಿಸುವುದು. ಒಂದೇ ಸ್ವರವಾದರೆ ಬಡವಾಗುವುದು. ಎರಡು ಸ್ವರಗಳಲ್ಲಿ ಮೇಳದ ಸುಳಿವೂ ಉಂಟು, ಗಾಯಕನಿಗೆ ಎಡೆಯೂ ಉಂಟು. ೧೯೬೭ರ ‘ಸೋಲ್ ಮ್ಯಾನ್’ ಹಾಡಿನ ಮೊದಲಿನ ಕೆಲವು ಕ್ಷಣಗಳಲ್ಲಿ ಇದರ ಪರಿಶುದ್ಧವಾದ ಮಾದರಿಯನ್ನು ಕೇಳಬಹುದು. ಅದೇ ಹಾಡಿನ ನಡುವೆ ತಂತಿಯ ಮೇಲೆ ಲೋಹವು ಜಾರಿದಂಥ ಕೂಗೊಂದು ಬರುವುದು. ಅದಕ್ಕೆಂದು ಬೇರೆ ಉಪಕರಣವಿಲ್ಲದೆ ಕ್ರಾಪರನು ಸಿಗರೇಟು ಹಚ್ಚುವ ಜಿಪ್ಪೋ ಲೈಟರನ್ನೇ ತಂತಿಯ ಮೇಲೆ ಜಾರಿಸಿದನು. ಗಾಯಕನಾದ ಸ್ಯಾಮ್ ಮೂರನು ಉಲ್ಲಾಸ ತಡೆಯಲಾರದೆ ಹಾಡಿನ ನಡುವೆಯೇ ಆತನ ಹೆಸರು ಹಿಡಿದು ಕೂಗಿಬಿಟ್ಟನು. ಅಚ್ಚಿನಲ್ಲಿ ಬಾರದಿದ್ದ ಹೆಸರು ಹೀಗೆ ಕಂಠದಲ್ಲಿ ಬಂದು ಲಕ್ಷಾಂತರ ಮನೆಗಳನ್ನು ಸೇರಿತು.

ಒಟಿಸ್ ರೆಡ್ಡಿಂಗನ ಸಂಬಂಧವು ಎಲ್ಲಕ್ಕಿಂತ ಆಪ್ತವಾದುದು. ೧೯೬೨ರಲ್ಲಿ ಜಾರ್ಜಿಯಾ ಪ್ರಾಂತದ ಗಿಟಾರ್ ವಾದಕನೊಬ್ಬನ ಕಾರನ್ನು ನಡೆಸಿಕೊಂಡು ಬಂದು ಸಾಮಾನುಗಳನ್ನು ಇಳಿಸುತ್ತಿದ್ದ ಎತ್ತರದ ಆಳನ್ನು ಕ್ರಾಪರನು ಸಾರಥಿಯೆಂದೇ ತಿಳಿದಿದ್ದನು. ದಿನದ ಕೊನೆಯಲ್ಲಿ ಉಳಿದ ಸ್ವಲ್ಪ ಹೊತ್ತಿನಲ್ಲಿ ಆ ಸಾರಥಿಗೆ ಹಾಡಲು ಅವಕಾಶ ಕೊಟ್ಟರು. ಆಗ ಪಿಯಾನೋದ ಮುಂದೆ ಕುಳಿತವನು ಕ್ರಾಪರನೇ. ‘ದೀಸ್ ಆರ್ಮ್ಸ್ ಆಫ್ ಮೈನ್’ ಎಂಬ ಆ ಹಾಡಿನಲ್ಲಿ ಆತನ ಗಿಟಾರಿಲ್ಲ. ಮುಂದಿನ ಐದು ವರ್ಷ ಅವರಿಬ್ಬರೂ ಕೂಡಿ ಹಾಡುಗಳನ್ನು ಕಟ್ಟಿದರು. ೧೯೬೭ರ ವಸಂತದಲ್ಲಿ ಸ್ಟ್ಯಾಕ್ಸಿನ ಗಾಯಕರೂ ವಾದಕರೂ ಯೂರೋಪಿಗೆ ಹೋದಾಗ ಅಲ್ಲಿನ ಜನರಿಗೆ ತಮ್ಮ ತಂಡದ ಹೆಸರುಗಳು ಗೊತ್ತಿರುವುದನ್ನು ಕಂಡು ಬೆರಗಾದರು. ಆ ವರ್ಷದ ಕೊನೆಯಲ್ಲಿ ‘ದಿ ಡಾಕ್ ಆಫ್ ದಿ ಬೇ’ ಮುದ್ರಿತವಾಯಿತು. ಡಿಸೆಂಬರ್ ೧೦ರಂದು ರೆಡ್ಡಿಂಗನ ವಿಮಾನವು ವಿಸ್ಕಾನ್ಸಿನ್ ಪ್ರಾಂತದ ಮೊನೋನಾ ಸರೋವರದಲ್ಲಿ ಬಿದ್ದು, ಇಪ್ಪತ್ತಾರು ವರ್ಷದ ಆ ಗಾಯಕನೂ ಜತೆಯಲ್ಲಿದ್ದ ತರುಣ ವಾದಕರಲ್ಲಿ ಬಹುಮಂದಿಯೂ ಮಡಿದರು. ಆ ದುಃಖದ ದಿನಗಳಲ್ಲಿಯೇ ಕ್ರಾಪರನು ಹಾಡನ್ನು ಪೂರ್ತಿಮಾಡಿ ಕಳುಹಿಸಬೇಕಾಯಿತು. ತೆರೆಗಳ ಮೊರೆತವನ್ನೂ ಕಡಲಹಕ್ಕಿಗಳ ಕೂಗನ್ನೂ ಆತನು ಅದಕ್ಕೆ ಸೇರಿಸಿದನು. ಗಿಟಾರಿನಿಂದ ಸೇರಿಸಿದುದು ಎಷ್ಟೆಂದು ನೋಡಿದರೆ, ಸಾಲಿನ ಕೊನೆಗೆ ಅಲ್ಲೊಂದು ಇಲ್ಲೊಂದು ಹನಿಯಂಥ ಸ್ವರ. ಮಿತ್ರನ ಕಂಠದ ಪಕ್ಕದಲ್ಲಿ ಅಷ್ಟಕ್ಕಿಂತ ಹೆಚ್ಚು ಮಾತನಾಡುವ ಮನಸ್ಸು ಆತನಿಗೆ ಬಾರದಿದ್ದುದು ಸಹಜವೇ. ೧೯೬೮ರ ಮಾರ್ಚಿಯಲ್ಲಿ ಆ ಹಾಡು ದೇಶದ ಪಟ್ಟಿಯ ಮೊದಲನೆಯ ಸ್ಥಾನಕ್ಕೆ ಬಂದಿತು. ಹಾಡಿದವನು ಸತ್ತ ಮೇಲೆ ಆ ಸ್ಥಾನಕ್ಕೆ ಬಂದ ಮೊದಲ ಹಾಡು ಅದು.

ಈ ವಾದಕರು ಯಾವ ನಗರದಲ್ಲಿ ಬಾಳಿದರೆಂಬುದನ್ನು ಮರೆಯಬಾರದು. ಸ್ಟ್ಯಾಕ್ಸಿನ ಬಾಗಿಲೊಳಗೆ ಬಣ್ಣದ ಭೇದವಿರಲಿಲ್ಲ. ಬಾಗಿಲ ಹೊರಗೆ ಆ ನಾಲ್ವರು ಒಂದೇ ಮೇಜಿನಲ್ಲಿ ಕುಳಿತು ಉಣ್ಣಬಹುದಾದ ಸ್ಥಳಗಳು ಬಹಳ ಕಡಮೆ. ಕರಿಯ ದಂಪತಿಗಳು ನಡೆಸುತ್ತಿದ್ದ ‘ಲೊರೇನ್ ಮೋಟೆಲ್’ ಎಂಬ ವಸತಿಗೃಹವು ಅಂಥ ಸ್ಥಳಗಳಲ್ಲೊಂದು. ಹೊರಗಿನಿಂದ ಬಂದ ಗಾಯಕರು ಅಲ್ಲಿ ಇಳಿದುಕೊಳ್ಳುತ್ತಿದ್ದರು. ಕ್ರಾಪರನು ಸಂಜೆ ಅಲ್ಲಿಗೆ ಹೋಗಿ ಅವರೊಡನೆ ಕುಳಿತು ಹಾಡು ಕಟ್ಟುತ್ತಿದ್ದನು. ಪಿಕೆಟ್ಟನೊಡನೆ ‘ಇನ್ ದಿ ಮಿಡ್‌ನೈಟ್ ಅವರ್’ ಅಲ್ಲಿಯೇ ಹುಟ್ಟಿತು. ಮರುವರ್ಷ ಎಡ್ಡಿ ಫ್ಲಾಯ್ಡನೊಡನೆ ‘ನಾಕ್ ಆನ್ ವುಡ್’ ಹುಟ್ಟಿದುದೂ ಅಲ್ಲಿಯೇ. ಅದರ ಆರಂಭವು ಹಿಂದಿನ ಹಾಡಿನ ಆರಂಭವನ್ನೇ ತಿರುಗುಮುರುಗಾಗಿ ನುಡಿಸಿದುದೆಂದು ಕ್ರಾಪರನೇ ಮರೆಮಾಚದೆ ಹೇಳಿದ್ದನು. ೧೯೬೮ರ ಫೆಬ್ರವರಿಯಲ್ಲಿ ನಗರದ ಜಾಡಮಾಲಿಗಳಲ್ಲಿ ಇಬ್ಬರು ಕಸದ ಬಂಡಿಯ ಯಂತ್ರಕ್ಕೆ ಸಿಕ್ಕಿ ಸತ್ತರು. ಕರಿಯ ಕೆಲಸಗಾರರು ಮುಷ್ಕರ ಹೂಡಿದರು. ಅವರಿಗೆ ಬೆಂಬಲವಾಗಿ ಬಂದ ಮಾರ್ಟಿನ್ ಲೂಥರ್ ಕಿಂಗರು ಏಪ್ರಿಲ್ ೪ರ ಸಂಜೆ ಅದೇ ಲೊರೇನ್ ಮೋಟೆಲಿನ ಮೇಲಂತಸ್ತಿನ ಮೊಗಸಾಲೆಯಲ್ಲಿ ನಿಂತಿದ್ದಾಗ ಗುಂಡಿಗೆ ಬಲಿಯಾದರು.

ಆಮೇಲೆ ಸ್ಟ್ಯಾಕ್ಸ್ ಮೊದಲಿನಂತಿರಲಿಲ್ಲ. ಬೀದಿಯಲ್ಲಿ ಹುಟ್ಟಿದ ಸಂಶಯವು ಒಳಗೂ ನುಸುಳಿತು. ಅದೇ ವರ್ಷ ಅಟ್ಲಾಂಟಿಕ್ಕಿನೊಡನೆ ಇದ್ದ ಒಪ್ಪಂದವು ಮುರಿದಾಗ, ಸ್ಟೂವರ್ಟನು ಸರಿಯಾಗಿ ಓದದೆ ಸಹಿಮಾಡಿದ್ದ ಪತ್ರದ ಪ್ರಕಾರ, ಹಂಚಿಕೆಗೆ ಕೊಟ್ಟಿದ್ದ ಹಿಂದಿನ ಮುದ್ರಣಗಳ ಒಡೆತನವು ಅಟ್ಲಾಂಟಿಕ್ಕಿನದೇ ಎಂದು ತಿಳಿದುಬಂದಿತು. ಬುಕರ್ ಜೋನ್ಸನು ಕ್ಯಾಲಿಫೋರ್ನಿಯಾಕ್ಕೆ ಹೋದನು. ೧೯೭೦ರಲ್ಲಿ ಕ್ರಾಪರನೂ ಸ್ಟ್ಯಾಕ್ಸನ್ನು ಬಿಟ್ಟು ಅದೇ ನಗರದಲ್ಲಿ ಬೇರೆ ಧ್ವನಿಮುದ್ರಣಶಾಲೆಯನ್ನು ಕಟ್ಟಿಕೊಂಡನು. ೧೯೭೫ರ ಅಕ್ಟೋಬರಿನಲ್ಲಿ ಆಲ್ ಜಾಕ್ಸನ್ನನು ತನ್ನ ಮನೆಯಲ್ಲಿ ಕೊಲೆಯಾದನು. ಡಿಸೆಂಬರಿನಲ್ಲಿ ಸ್ಟ್ಯಾಕ್ಸ್ ದಿವಾಳಿಯಾಯಿತು.

ಕ್ರಾಪರನು ಅನಂತರವೂ ಬಹುಕಾಲ ನುಡಿಸಿದನು. ‘ಬ್ಲೂಸ್ ಬ್ರದರ್ಸ್’ ಎಂಬ ೧೯೮೦ರ ಚಲಚ್ಚಿತ್ರದಲ್ಲಿ ಡನ್ನನೊಡನೆ ಕಾಣಿಸಿಕೊಂಡನು. ಪೀವಿ ಎಂಬ ಕಂಪನಿಯು ಆತನ ಹೆಸರಿನಲ್ಲಿಯೇ ಒಂದು ಗಿಟಾರನ್ನು ಮಾರಿತು. ಕೈ ಅದೇ, ಉಪಕರಣಗಳು ಮೊದಲಿಗಿಂತ ಉತ್ತಮವಾದವು. ಯಂತ್ರಗಳಲ್ಲಿ ಪಥಗಳು ಹದಿನಾರಾದವು, ಇಪ್ಪತ್ನಾಲ್ಕಾದವು. ಒಬ್ಬನು ಇಂದು ನುಡಿಸಿದುದಕ್ಕೆ ಇನ್ನೊಬ್ಬನು ನಾಳೆ ಬಂದು ನುಡಿಸಬಹುದಾಯಿತು. ಆದರೆ ನಾಲ್ವರು ಒಂದು ಇಳಿಜಾರಿನ ನೆಲದ ಮೇಲೆ ಒಬ್ಬರ ಕೈಯನ್ನು ಒಬ್ಬರು ನೋಡುತ್ತ, ಒಬ್ಬನು ಕೆಟ್ಟರೆ ಎಲ್ಲರೂ ಕೆಡುವೆವೆಂಬ ಎಚ್ಚರದಿಂದ ನುಡಿಸಿದಾಗ ಹುಟ್ಟಿದ ನಾದವು ಮತ್ತೆ ಹಾಗೆಯೇ ಕೇಳಿಸಲಿಲ್ಲ. ಹಾರ್ವರ್ಡ್ ಪೆಟ್ಟಿಗೆಗಳನ್ನು ಹುಡುಕಿ ಕೊಂಡವರಿಗೆ ಇದು ತಿಳಿಯದ ಸಂಗತಿಯೇನಲ್ಲ. ಕೊಳ್ಳುವುದಕ್ಕೆ ಸಿಕ್ಕುವುದು ಪೆಟ್ಟಿಗೆ ಮಾತ್ರವಾದುದರಿಂದ ಅವರು ಅದನ್ನು ಕೊಂಡರು.

ಹಳೆಯ ಸಿನೆಮಾ ಮಂದಿರವನ್ನು ೧೯೮೯ರಲ್ಲಿ ಕೆಡವಿದರು. ಕೆಲವು ವರ್ಷ ಅಲ್ಲಿ ಬರಿಯ ಬಯಲಿದ್ದಿತು. ಲೊರೇನ್ ಮೋಟೆಲು ೧೯೯೧ರಲ್ಲಿ ಪೌರಹಕ್ಕುಗಳ ಚಳವಳಿಯ ವಸ್ತುಸಂಗ್ರಹಾಲಯವಾಗಿ ತೆರೆಯಿತು. ೨೦೦೩ರಲ್ಲಿ ಮೆಕ್‌ಲೆಮೋರ್ ಬೀದಿಯ ಬಯಲಿನಲ್ಲಿಯೂ ಒಂದು ವಸ್ತುಸಂಗ್ರಹಾಲಯವೆದ್ದಿತು. ಅದರೊಳಗೆ ಹಿಂದಿನ ಧ್ವನಿಮುದ್ರಣಶಾಲೆಯನ್ನು ಪುನಃ ಕಟ್ಟಿದಾಗ, ಹಣವಿಲ್ಲದ ಕಾಲದಲ್ಲಿ ಸಮಮಾಡಲಾಗದೆ ಬಿಟ್ಟಿದ್ದ ಆ ನೆಲವನ್ನು ಈ ಸಾರಿ ಹಣ ಖರ್ಚುಮಾಡಿ ಇಳಿಜಾರಾಗಿಯೇ ಮಾಡಿದರು. ಕ್ರಾಪರನು ೨೦೨೫ರ ಡಿಸೆಂಬರಿನಲ್ಲಿ, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ನ್ಯಾಶ್‌ವಿಲ್ ನಗರದಲ್ಲಿ ತೀರಿಕೊಂಡನು. ‘ಗ್ರೀನ್ ಆನಿಯನ್ಸ್’ ನುಡಿಸಿದ ನಾಲ್ವರ ಪೈಕಿ ಆಗ ಉಳಿದವನು ಬುಕರ್ ಜೋನ್ಸನೊಬ್ಬನೇ.